ಜಾಲಿ ಚಕ್ಕಿ

ಸಿಮೆಂಟ್ ಭಟ್ಟಿ ಕೂಡಸಲಿಕ್ಕ ಬಂದಿದ್ದ ಎಟಿಯೆನ್ ಸಾಹೇಬ
ಮೂರು ತಿಂಗಳು ನನ್ನ ಕೈಯಾಗಿನ ರೊಟ್ಟಿ ತಿಂದು
ವಾಡಿ ಜಂಕ್ಷನ್ನಿನಾಗ ರೈಲು ಹತ್ತೋ ಮುಂಜಾನಿ
ಗೆಸ್ಟ್ ಹೌಸಿನ ಫ್ರಿಜ್ಜಿನ ಮ್ಯಾಗ ಬಾಟ್ಲಿಯೊಂದು ಇಟ್ಟು ಹೋಗ್ಯಾನ.
ಚೀಟಿ ಅಂಟಿಸ್ಯಾನ: ಜಗದೇವಿಗೆ.
ಅಷ್ಟೇ ಕನ್ನಡ ಕಲಿತಿದ್ದ,
ನನ್ನ ಹೆಸರು, ಅದರ ಬೆನ್ನಿಗೊಂದು ‘ಗೆ’.

ಅವನ ಊರು ಕಾಓರ್ ಅಂತ. ಕಾಗಿ ಒದರಿದಂಗ.
ಅಲ್ಲೀನೂ ನೆಲದಾಗ ಸುಣ್ಣದ ಕಲ್ಲಽ ಅಂತ
ಶಾಬಾದಿ ಫರಸಿ ಕಾಲಿಲೆ ತಟ್ಟಿ ತಟ್ಟಿ ತೋರಸತಿದ್ದ.
ನಾವು ಕಲ್ಲು ಒಡದು ಭಟ್ಟಿಗಿ ಹಾಕತೀವಿ,
ಅವರು ಕಲ್ಲಿನಾಗ ಬಳ್ಳಿ ಹಚ್ಚತಾರ.

ಸ್ಟೋರಿನ ಗುರುಪಾದ ಮೊಬೈಲು ಹಿಡದು ಬಾಟ್ಲಿ ಓದಿದ.
ಕರೇ ಹಣ್ಣಿನ ಪರಿಮಳ. ಒಣ ತಂಬಾಕು.
ಆಮ್ಯಾಲ ಸ್ವಲ್ಪ ತಡದು,
ಕುರಿ ಮಾಂಸ, ಬಾತುಕೋಳಿ, ಹಳೇ ಚೀಸಿನ ಸಂಗಾಟ ಛಲೋ.
‘ಬಾತುಕೋಳಿ ಎಲ್ಲಿಂದ ತರಲಿ ಜಗದೇವಕ್ಕ,
ಕಾಗಿಣಾ ಹೊಳ್ಯಾಗ ಇಳೀಲೇನು?’

ಐತಾರ. ಗೆಸ್ಟ್ ಹೌಸು ಖಾಲಿ.
ಬೂಚು ತೆಗಿಯೋ ತಿರುಪಿಲ್ಲ,
ಲಟ್ಟಣಿಗಿ ಹಿಡಿಕಿಲೆ ಒಳಗಽ ನೂಕಿಬಿಟ್ಟೆ.
ಚಹಾದ ಗಾಜಿನ ಗಿಲಾಸಿನಾಗ ಕರ್ರಗ ಕುಂತಿತು,
ಅಂಚಿಗಿ ಮಾತ್ರ ನೇರಳಿ ಹಣ್ಣು ತಿಂದ ಹುಡುಗರ ತುಟಿ.
ನಮ್ಮ ಕಡಿ ಸೆರಿ ಗಂಟಲಾ ಸುಟಗೊಂತ ಇಳೀತದ ಅಂತಾರ,
ಇದು ಇಳೀಲೇ ಇಲ್ಲ,
ಒಸಡಿಗಿ ಬಂದು ಚಕ್ಕಳಮಕ್ಕಳ ಹಾಕಿ ಕುಂತಿತು.

ಮೊದಲ ಪುಂಡಿಪಲ್ಯ ಇಟ್ಟೆ.
ಹುಳಿಗಿ ಹುಳಿ ಬಿದ್ದು
ಸವತ್ಯಾರಿಬ್ಬರು ಒಂದಽ ನಳದ ಮುಂದ ನಿಂತಂಗಾಯ್ತು.
ಶೇಂಗಾ ಹಿಂಡಿ ಇನ್ನೂ ಕೆಟ್ಟ.
ಖಾರ ಹೋಗಿ ಬೆಂಕಿ ಆಯ್ತು, ಗುರುಪಾದ ಕೊಡಾನೇ ಎತ್ತಿದ.
ತೊಗರಿ ಬ್ಯಾಳಿ, ಬೆಳ್ಳುಳ್ಳಿ ಒಗ್ಗರಣಿ, ಮ್ಯಾಗ ತುಪ್ಪ:
ಜಗಳಿಲ್ಲ, ಮಾತೂ ಇಲ್ಲ,
ಬಸ್ಸಿನಾಗ ಬಾಜೂ ಬಾಜೂ ಕುಂತ ಪರದೇಶಿಗಳು.

ನಿನ್ನಿ ರಾತ್ರಿದು ಕುರಿ ಸಾರು ಉಳದಿತ್ತು.
ನಳ್ಳಿ ಎಲುಬು ತಾಟಿಗಿ ಬಡದು, ಹೀರಿ,
ಅದರ ಮ್ಯಾಗ ಒಂದು ಗುಟುಕು.

ಅಲ್ಲಿ ನಿಂತೆ.

ನೆಣ ಕರಗಿತು, ಒಗರು ಮೆತ್ತಗಾಯ್ತು,
ಅದರ ಹಿಂದಿಂದ ಬಂತೊಂದು ವಾಸನಿ.
‘ಗುರುಪಾದ, ಇನ್ನೊಮ್ಮೆ ಓದು. ಏನೋ ಬಿಟ್ಟಿದಿ.’
ಅವಾ ಫರಸಿ ನೋಡಿದ.
‘ತೊಗಲು ಅಂತ ಬರದಾರಕ್ಕ. ನಾನಽ ಓದಲಿಲ್ಲ.’

ಚಿತ್ತಾಪುರದಾಗ ನಮ್ಮಪ್ಪ
ಜಾಲಿ ಚಕ್ಕಿ ಕುಟ್ಟಿ ಹರವಿಯಾಗ ನೆನಿ ಹಾಕತಿದ್ದ.
ಮೊದಲ ಕೆಂಪು ನೀರು, ವಾರದಾಗ ಕರ್ರಗ.
ಬೆರಳು ಅದ್ದಿ ನಾಲಿಗಿಗಿ ಹಚ್ಚಿ ನೋಡತಿದ್ದ.
ತೊಗಲಿನ ಹದ ಕಣ್ಣಿಗಿ ತಿಳಿಯಂಗಿಲ್ಲ ಮಗಳಽ,
ಒಗರಿಗೇ ತಿಳೀತದ.
ನಮ್ಮ ಓಣಿ ಬಂದ ಕೂಡಲೆ ಟಾಂಗಾದ ಮಂದಿ
ಧೋತರದ ಚುಂಗು ಮೂಗಿಗಿ ಹಿಡೀತಿದ್ರು.
ಸಾಲ್ಯಾಗ ನನ್ನ ಬೆಂಚಿನ ಮ್ಯಾಗ ನಾನೊಬ್ಬಾಕಿನೇ,
ಕಾಲು ಚಾಚಿ ಕುಂಡ್ರಲಿಕ್ಕ ಜಾಗಾ ಬಾಳ.
ಮೂವತ್ತು ವರ್ಷ ಮಂದಿ ಅಡಗಿ ಮಾಡಿ
ಆ ವಾಸನಿ ಮ್ಯಾಗ ಜೀರಗಿ, ಬೆಳ್ಳುಳ್ಳಿ, ಕರಿಬೇವು ಹೊಚ್ಚಿ
ಮಲಗಿಸಿಟ್ಟಿದ್ದೆ.

ಎಲ್ಲೋ ಕಾಗಿ ಒದರೋ ಊರಾಗ
ಗಿಲಾಸು ತಿರುವಿ ತಿರುವಿ, ಮೂಗು ಒಳಗಿಟ್ಟು
ಅದನ್ನಽ ಹುಡುಕತಾರಂತ.
ಸಿಕ್ಕರ, ಛಲೋ ಅದ ಅಂತ ಬರದಿಡತಾರಂತ.
ರೊಕ್ಕಾನೂ ಹೆಚ್ಚಂತ.

ನನಗ ಸಿಟ್ಟು ಬರಬೇಕಿತ್ತೋ ಏನೋ.
ರೊಟ್ಟಿದು ಸುಟ್ಟ ಅಂಚು ಮುರದು
ಸಾರಿನಾಗ ಒತ್ತಿ ಗುರುಪಾದನ ತಾಟಿಗಿ ಹಾಕಿದೆ,
ಇನ್ನೊಂದು ಗಿಲಾಸು ಅವನ ಮುಂದ ಸರಿಸಿದೆ.
ಅವಾ ಮೂಸಿದ. ಸುಮ್ಮಕ ಇದ್ದ. ಮತ್ತ ಮೂಸಿದ.

ಬಾಟ್ಲ್ಯಾಗ ಬೂಚು ತೇಲಾಡತಿತ್ತು.
ಬೆರಳು ಅದ್ದಿ ನಾಲಿಗಿಗಿ ಹಚ್ಚಿದೆ.
ಅಪ್ಪ ಇದ್ದಿದ್ರ ಅಂತಿದ್ದ:
ಇನ್ನೂ ನಾಕು ದಿನ ಬೇಕವ್ವ,
ಚಕ್ಕಿ ಕಮ್ಮಿ ಬಿದ್ದದ.